ತೆಗೆದರೆ ಬೀಳುತ್ತದಾ? ಕನ್‌ಸ್ಟ್ರಕ್ಟಿವಿಸಂ ಬಿಟ್ಟುಹೋದ ಪ್ರಶ್ನೆ

(ವಾಸ್ತುಶಿಲ್ಪ ಮತ್ತು ವಿನ್ಯಾಸ ಓದುತ್ತಿರುವ ವಿದ್ಯಾರ್ಥಿಗಳ ಮುಂದೆ, ನೂರು ವರ್ಷದ ಹಿಂದೆ ರಷ್ಯಾದಲ್ಲಿ ಹುಟ್ಟಿದ ಕನ್‌ಸ್ಟ್ರಕ್ಟಿವಿಸಂ ಎಂಬ ಕಲಾ ಚಳವಳಿಯ ಬಗ್ಗೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಮಾರ್ಕೆಟ್ಟಿನಲ್ಲಿ ಹೂ ಕಟ್ಟುವವರ ಮುಂದೆ ಒಂದೈದು ನಿಮಿಷ ನಿಂತು ನೋಡಿ. ಎರಡು ಮೊಗ್ಗು ಈ ಕಡೆ, ಎರಡು ಮೊಗ್ಗು ಆ ಕಡೆ. ದಾರದ ಒಂದು ಸುತ್ತು, ಒಂದು ಕುಣಿಕೆ, ಒಂದು ಎಳೆತ. ಬಾಯಲ್ಲಿ ಪಕ್ಕದವರ ಜೊತೆ ಮಾತು ನಡೆಯುತ್ತಲೇ ಇರುತ್ತದೆ, ಕೈ ಮಾತ್ರ ನಿಲ್ಲುವುದಿಲ್ಲ. ಆ ದಾರ ಬಿಚ್ಚಿಕೊಂಡರೆ ಅಷ್ಟೂ ಮಲ್ಲಿಗೆ ನೆಲದ ಮೇಲೆ.

ಈಗ ದೇವರ ಮುಂದೆ ತಟ್ಟೆಯಲ್ಲಿ ಇಟ್ಟ ಹೂವನ್ನು ನೆನಪು ಮಾಡಿಕೊಳ್ಳಿ. ಅದೂ ಚೆಂದವೇ. ಆದರೆ ಅದರಿಂದ ಒಂದು ದಾಸವಾಳ ತೆಗೆದರೆ ಏನಾಗುತ್ತದೆ? ಅಂದ ಸ್ವಲ್ಪ ಕಡಿಮೆಯಾಗಬಹುದು. ಏನೂ ಬೀಳುವುದಿಲ್ಲ.

ಒಂದು ಜೋಡಿಸಿದ್ದು, ಇನ್ನೊಂದು ಕಟ್ಟಿದ್ದು. ನಮ್ಮ ಭಾಷೆಯಲ್ಲಿ ಹೂವನ್ನೂ ಕಟ್ಟುತ್ತೇವೆ, ಬುತ್ತಿಯನ್ನೂ ಕಟ್ಟುತ್ತೇವೆ, ಮನೆಯನ್ನೂ ಕಟ್ಟುತ್ತೇವೆ. ಬಿಗಿಯುವುದಕ್ಕೂ ಎಬ್ಬಿಸಿ ನಿಲ್ಲಿಸುವುದಕ್ಕೂ ಒಂದೇ ಮಾತು. ಇದು ಇವತ್ತಿನ ನನ್ನ ಕೆಲಸವನ್ನು ಎಷ್ಟೋ ಸುಲಭ ಮಾಡಿದೆ. ಯಾಕೆಂದರೆ 1921ರ ಜನವರಿಯಿಂದ ಏಪ್ರಿಲ್‌ವರೆಗೆ ಮಾಸ್ಕೋದಲ್ಲಿ ಕೆಲವು ಕಲಾವಿದರು ಸೇರಿ ಸೇರಿ ವಾದ ಮಾಡಿದ್ದು ಇದೇ ವ್ಯತ್ಯಾಸದ ಬಗ್ಗೆ. ಜೋಡಿಸುವುದು ಯಾವುದು, ಕಟ್ಟುವುದು ಯಾವುದು?

ಅವರು ಸೇರುತ್ತಿದ್ದ ಸಂಸ್ಥೆಯ ಹೆಸರು ಇನ್‌ಖುಕ್, ಅಂದರೆ ಕಲಾ ಸಂಸ್ಕೃತಿಯ ಸಂಸ್ಥೆ. ಹೊಟ್ಟೆಗೆ ಸರಿಯಾಗಿ ಇಲ್ಲದ, ಚಳಿಗೆ ಸೌದೆ ಇಲ್ಲದ ಕಾಲ. ಅಂಥ ಹೊತ್ತಿನಲ್ಲಿ ಅಲೆಕ್ಸಾಂಡರ್ ರೊಡ್ಚೆಂಕೊ, ವರ್ವಾರ ಸ್ಟೆಪನೋವಾ, ಲ್ಯುಬೋವ್ ಪೊಪೊವಾ, ಇನ್ನೂ ಹಲವರು ಕೂತು ಎರಡೆರಡು ಚಿತ್ರ ಬರೆದರು. ಒಂದು ಬರೀ ಜೋಡಣೆಯದು, ಇನ್ನೊಂದು ಕಟ್ಟುವಿಕೆಯದು. ವಾದದಲ್ಲಿ ಕೊನೆಗೆ ನಿಂತ ಮಾತು ಸರಳ. ಕಟ್ಟಿದ್ದರಲ್ಲಿ ಬೇಡದ್ದು ಯಾವುದೂ ಇರುವುದಿಲ್ಲ. ಒಂದು ತುಂಡನ್ನೂ ಸುಮ್ನೆ ಇಟ್ಟಿರುವುದಿಲ್ಲ. ಅದೇ ಮಾರ್ಚ್‌ನಲ್ಲಿ ಅವರಲ್ಲಿ ಕೆಲವರು ತಮ್ಮನ್ನು ಕನ್‌ಸ್ಟ್ರಕ್ಟಿವಿಸ್ಟರು ಎಂದು ಕರೆದುಕೊಂಡರು.

ಕನ್‌ಸ್ಟ್ರಕ್ಟಿವಿಸಂ ಅಂದ ಕೂಡಲೇ ನಿಮ್ಮ ಕಣ್ಣಿಗೆ ಬರುವುದು ಕೆಂಪು, ಕಪ್ಪು, ಓರೆಯಾಗಿ ಹಾಕಿದ ದಪ್ಪ ಅಕ್ಷರ, ಕೂಗುತ್ತಿರುವ ಒಂದು ಬಾಯಿ. ಇಂಟರ್ನೆಟ್ಟಿನಲ್ಲಿ ಆ ಶೈಲಿಯ ಟೆಂಪ್ಲೇಟು ಪುಕ್ಕಟೆ ಸಿಗುತ್ತದೆ. ಅದು ಅವರು ಬಿಟ್ಟುಹೋದ ಬಟ್ಟೆ ಮಾತ್ರ. ಅವರು ನಿಜವಾಗಿ ಬಿಟ್ಟುಹೋದದ್ದು ಒಂದು ಪ್ರಶ್ನೆ: ಇದನ್ನು ತೆಗೆದರೆ ಬೀಳುತ್ತದಾ? ಇವತ್ತು ನಾನು ಹೇಳುವುದೆಲ್ಲ ಈ ಪ್ರಶ್ನೆಯ ಸುತ್ತಲೇ.

ಆ ಗುಂಪಿನಲ್ಲಿ ಕಾರ್ಲ್ ಇಯೊಗಾನ್ಸನ್ ಎಂಬ ಲಾಟ್ವಿಯಾದವನೊಬ್ಬ ಇದ್ದ. ಅವನ ಹೆಸರು ಹೇಳುವವರು ಕಡಿಮೆ. 1921ರ ಮೇ ತಿಂಗಳ ಪ್ರದರ್ಶನದಲ್ಲಿ ಅವನು ಕಡ್ಡಿ ಮತ್ತು ತಂತಿಗಳಿಂದ ಕಟ್ಟಿದ ರಚನೆಗಳನ್ನು ಇಟ್ಟಿದ್ದ. ಅವುಗಳಲ್ಲಿ ಒಂದರಲ್ಲಿ ಮೂರು ಕಡ್ಡಿಗಳಿವೆ. ಒಂದಕ್ಕೊಂದು ತಾಗುವುದಿಲ್ಲ. ಸುತ್ತ ಬಿಗಿದ ತಂತಿಗಳೇ ಅವುಗಳನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸಿವೆ. ಸುಮಾರು ಮೂರು ದಶಕ ಕಳೆದ ಮೇಲೆ ಅಮೆರಿಕದಲ್ಲಿ ವಿನ್ಯಾಸಕಾರ ಬಕ್‌ಮಿನ್‌ಸ್ಟರ್ ಫುಲ್ಲರ್ ಮತ್ತು ಶಿಲ್ಪಿ ಕೆನೆತ್ ಸ್ನೆಲ್ಸನ್ ಇಂಥದೇ ದಾರಿಯಲ್ಲಿ ಹೋದರು, ಅದಕ್ಕೆ ಟೆನ್ಸೆಗ್ರಿಟಿ ಎಂಬ ಹೆಸರು ಬಂತು. ಹೂ ಕಟ್ಟುವವರಿಗೆ ಇಯೊಗಾನ್ಸನ್ ಕೆಲಸ ತೋರಿಸಿದರೆ ಒಂದು ಕ್ಷಣದಲ್ಲಿ ಅರ್ಥವಾಗುತ್ತದೆ ಎಂದು ನನಗೆ ಖಾತ್ರಿ.

ಇನ್ನು ವ್ಲಾದಿಮಿರ್ ಟಾಟ್ಲಿನ್. ಇವನನ್ನು ಬಿಟ್ಟು ಈ ಕಥೆ ಹೇಳಲಾಗದು. ಉಕ್ರೇನಿನ ಹಾರ್ಕಿವ್‌ನಲ್ಲಿ ಬೆಳೆದವನು, ಹಡಗಿನಲ್ಲಿ ದುಡಿದವನು. 1914ರಲ್ಲಿ ಪ್ಯಾರಿಸ್‌ಗೆ ಹೋಗಿ ಪಿಕಾಸೋನ ಕೋಣೆಯಲ್ಲಿ ತಗಡು, ಹಲಗೆ, ರಟ್ಟುಗಳ ಕೆಲಸ ನೋಡಿ ಬಂದ. ಬಂದ ಮೇಲೆ ಕಬ್ಬಿಣದ ತಗಡು, ಮರ, ಹಗ್ಗವನ್ನು ಗೋಡೆಯ ಮೂಲೆಗೆ ಎಳೆದು ಕಟ್ಟಿದ. 1920ರ ನವೆಂಬರ್‌ನಲ್ಲಿ ಪೆತ್ರೊಗ್ರಾದ್‌ನಲ್ಲಿ, ಅಂದರೆ ಈಗಿನ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಒಂದು ಗೋಪುರದ ಮಾದರಿ ಇಟ್ಟ. ನಿಜದ ಗೋಪುರ 400 ಮೀಟರ್ ಎತ್ತರ ಆಗಬೇಕಿತ್ತು, ಐಫೆಲ್ ಗೋಪುರಕ್ಕಿಂತ ಜಾಸ್ತಿ. ಓರೆಯಾಗಿ ಸುತ್ತಿಕೊಂಡು ಏರುವ ಕಬ್ಬಿಣ. ಒಳಗೆ ಒಂದರ ಮೇಲೊಂದು ಗಾಜಿನ ಕೋಣೆಗಳು. ಎಲ್ಲಕ್ಕಿಂತ ಕೆಳಗಿನದು ವರ್ಷಕ್ಕೊಂದು ಸುತ್ತು ಸುತ್ತಬೇಕು, ಅದರ ಮೇಲಿನದು ತಿಂಗಳಿಗೊಂದು, ಅದರ ಮೇಲಿನದು ದಿನಕ್ಕೊಂದು.

ದೇಶದಲ್ಲಿ ಅಷ್ಟು ಉಕ್ಕು ಇರಲಿಲ್ಲ. ಗೋಪುರ ಏಳಲಿಲ್ಲ. ಮರದ ಮಾದರಿಯೂ ಕಳೆದುಹೋಯಿತು. ಈಗ ಮ್ಯೂಸಿಯಂಗಳಲ್ಲಿ ನೋಡುವುದು ಹಳೆಯ ಫೋಟೋ ಇಟ್ಟುಕೊಂಡು ಮತ್ತೆ ಮಾಡಿದವು. ಆದರೂ ಕಟ್ಟದೇ ಉಳಿದ ಆ ಗೋಪುರ ಕಲಾವಿದರನ್ನು ಬಿಟ್ಟಿಲ್ಲ. ಅಮೆರಿಕದ ಕಲಾವಿದ ಡ್ಯಾನ್ ಫ್ಲಾವಿನ್ 1964ರಿಂದ ಶುರುಮಾಡಿ ಅಂಗಡಿಯಲ್ಲಿ ಸಿಗುವ ಟ್ಯೂಬ್‌ಲೈಟುಗಳನ್ನೇ ನಿಲ್ಲಿಸಿ ಟಾಟ್ಲಿನ್‌ಗೆ ಸ್ಮಾರಕಗಳ ಸಾಲನ್ನೇ ಮಾಡಿದ. ಮುಂಬೈಯಲ್ಲಿ ಹುಟ್ಟಿದ ಶಿಲ್ಪಿ ಅನೀಶ್ ಕಪೂರ್ ಮತ್ತು ಎಂಜಿನಿಯರ್ ಸಿಸಿಲ್ ಬಾಲ್ಮಂಡ್ 2012ರ ಒಲಿಂಪಿಕ್ಸ್‌ಗೆ ಲಂಡನ್ನಿನಲ್ಲಿ ಎಬ್ಬಿಸಿದ ಕೆಂಪು ಗೋಪುರ ನೋಡಿದ ಹಲವರು ಟಾಟ್ಲಿನ್‌ನನ್ನು ನೆನೆದರು. ನನಗೆ ಟಾಟ್ಲಿನ್ ಜಾಸ್ತಿ ಹತ್ತಿರವಾಗುವುದು ಗೋಪುರದಿಂದಲ್ಲ. ಆಮೇಲೆ ಅವನು ಕಡಿಮೆ ಸೌದೆಯಲ್ಲಿ ಜಾಸ್ತಿ ಬಿಸಿ ಕೊಡುವ ಒಲೆಯ ವಿನ್ಯಾಸ ಮಾಡಿದ. ಚಳಿಗೆ ಕೋಟು ಮಾಡಿದ. 400 ಮೀಟರ್ ಗೋಪುರದ ಕನಸು ಕಂಡ ಕೈ ಒಲೆಗೆ ಬಂತು. ಅವನಿಗೆ ಅದು ಇಳಿದು ಬಂದ ಹಾಗೆ ಕಂಡಿರಲಿಲ್ಲ.

ಟಾಟ್ಲಿನ್‌ಗೆ ಸಿಗದ ಉಕ್ಕು ಇನ್ನೊಬ್ಬನಿಗೆ ಸ್ವಲ್ಪ ಸಿಕ್ಕಿತು. ವ್ಲಾದಿಮಿರ್ ಶುಖೋವ್ ಕಲಾವಿದನಲ್ಲ, ಎಂಜಿನಿಯರ್. ಆಗಲೇ ವಯಸ್ಸಾದವನು, ಕನ್‌ಸ್ಟ್ರಕ್ಟಿವಿಸ್ಟರ ಗುಂಪಿಗೆ ಸೇರಿದವನೂ ಅಲ್ಲ. ಆದರೆ ಅವರು ಬಾಯಲ್ಲಿ ಹೇಳಿದ್ದನ್ನು ಅವನು ಮೊದಲೇ ಮಾಡಿ ತೋರಿಸಿದ್ದ.

ಇದಕ್ಕೆಂದೇ ಒಂದು ಕಟ್ಟು ಊದಿನಕಡ್ಡಿ ತಂದಿದ್ದೇನೆ. ನೋಡಿ, ಕಡ್ಡಿಗಳನ್ನು ದುಂಡಗೆ ನಿಲ್ಲಿಸಿ ನಡುವೆ ರಬ್ಬರ್‌ಬ್ಯಾಂಡ್ ಹಾಕಿದ್ದೇನೆ. ಈಗ ಮೇಲಿನ ತುದಿಯನ್ನು ಒಂದು ಕೈಯಲ್ಲಿ, ಕೆಳಗಿನ ತುದಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚುತ್ತೇನೆ. ಮೇಲೆ ಕೆಳಗೆ ಅಗಲವಾಯಿತು, ನಡು ಸಣ್ಣದಾಯಿತು. ಡಮರುಗದ ಹಾಗೆ ಸೊಂಟ ಬಂತು, ಅಲ್ವಾ? ಒಂದು ಕಡ್ಡಿಯನ್ನೂ ನಾನು ಬಗ್ಗಿಸಿಲ್ಲ. ಎಲ್ಲವೂ ನೇರವಾಗಿಯೇ ಇವೆ, ಓರೆಯಾಗಿ ನಿಂತಿವೆ ಅಷ್ಟೇ. ನೇರ ಕಡ್ಡಿಗಳಿಂದ ಬಾಗಿದ ಮೈ ಹುಟ್ಟಿತು. ಹಳೆಯ ಮನೆಗಳ ಜಗಲಿಯಲ್ಲಿರುವ ಬೆತ್ತದ ದುಂಡು ಸ್ಟೂಲಿನ ಗುಟ್ಟೂ ಇದೇ. ಎಷ್ಟು ಹಗುರ, ದಪ್ಪ ಆಳು ಕೂತರೂ ಜಗ್ಗುವುದಿಲ್ಲ.

ಶುಖೋವ್ ಇಂಥ ಮೊದಲ ಗೋಪುರವನ್ನು 1896ರಲ್ಲಿ ನಿಜ್ನಿ ನೊವ್‌ಗೊರೊದ್‌ನ ಪ್ರದರ್ಶನಕ್ಕೆ ಕಟ್ಟಿದ. 1917ರ ರಷ್ಯಾ ಕ್ರಾಂತಿ ಆದ ಮೇಲೆ ಮಾಸ್ಕೋದ ಶಬೊಲೊವ್ಕ ಬೀದಿಯಲ್ಲಿ ರೇಡಿಯೋ ಗೋಪುರ ಬೇಕಾಯಿತು. ಅವನ ಮೊದಲ ನಕ್ಷೆಯಲ್ಲಿ ಎತ್ತರ 350 ಮೀಟರ್, ತೂಕ ಸುಮಾರು 2,200 ಟನ್. ಅದಕ್ಕಿಂತ ಗಿಡ್ಡವಾದ ಐಫೆಲ್ ಗೋಪುರದಲ್ಲಿ ಸುಮಾರು 7,300 ಟನ್ ಕಬ್ಬಿಣ ಇದೆ. ಆ ಲೆಕ್ಕ ಒಂದು ಸಲ ಮನಸ್ಸಿನಲ್ಲಿ ಮಾಡಿ. ಅಷ್ಟು ಉಕ್ಕೂ ಸಿಗಲಿಲ್ಲ, ಕೊನೆಗೆ 1922ರಲ್ಲಿ 160 ಮೀಟರಿನ ಗೋಪುರ ಮುಗಿಯಿತು. ಆರು ತುಂಡು. ಒಂದೊಂದು ತುಂಡನ್ನೂ ಕೆಳಗಿನ ತುಂಡಿನ ಹೊಟ್ಟೆಯೊಳಗೇ ನೆಲದ ಮೇಲೆ ಕಟ್ಟಿ, ಒಳಗಿಂದ ಮೇಲಕ್ಕೆ ಎಳೆದು ಕೂರಿಸಿದರು. ಎತ್ತರದ ಕ್ರೇನ್ ಇಲ್ಲ, ಸಾರುವೆ ಇಲ್ಲ. ಅದು ಇವತ್ತಿಗೂ ನಿಂತಿದೆ. ಜಪಾನಿನ ಕೋಬೆ ಬಂದರಿನ ಗೋಪುರದಲ್ಲೂ, ಚೀನಾದ ಗುವಾಂಗ್‌ಝೌ ನಗರದ 600 ಮೀಟರ್ ಗೋಪುರದಲ್ಲೂ ನೀವು ನೋಡುವ ಆ ಸೊಂಟ ಶುಖೋವ್‌ನದೇ. ಬಡತನದಲ್ಲಿ ಹುಟ್ಟಿದ ಲೆಕ್ಕಾಚಾರ ಅದು. ಬೇಡದ್ದನ್ನು ತೆಗೆಯಿರಿ ಎಂದು ಅಲ್ಲಿ ಹೇಳಿದ್ದು ಬರೀ ಸಿದ್ಧಾಂತವಲ್ಲ, ಗೋದಾಮು ಖಾಲಿ ಇತ್ತು.

ಮತ್ತೆ ಕಲಾವಿದರ ಕಡೆ ಬರೋಣ. 1921ರ ಸೆಪ್ಟೆಂಬರ್‌ನಲ್ಲಿ ರೊಡ್ಚೆಂಕೊ ಮೂರು ಕ್ಯಾನ್ವಾಸ್ ಇಟ್ಟ. ಒಂದು ಪೂರ್ತಿ ಕೆಂಪು, ಒಂದು ಪೂರ್ತಿ ಹಳದಿ, ಒಂದು ಪೂರ್ತಿ ನೀಲಿ. ಚಿತ್ರಕಲೆಯಲ್ಲಿ ನನ್ನ ಕೆಲಸ ಇಲ್ಲಿಗೆ ಮುಗಿಯಿತು ಎಂಬುದು ಅವನ ನಿಲುವು. ಗೋಡೆಗೆ ನೇತುಹಾಕುವ ವಸ್ತು ಬೇಡ, ಕೈಗೆ ಸಿಗುವ ವಸ್ತು ಬೇಕು.

ಹಾಗೆ ಎಷ್ಟೋ ಜನ ಹೇಳಿದರು. ನಿಜವಾಗಿ ಕಾರ್ಖಾನೆಯ ಬಾಗಿಲು ದಾಟಿ ಹೋದ ಕೆಲವೇ ಜನರಲ್ಲಿ ಇಬ್ಬರು ಹೆಂಗಸರು. ಇಡೀ ಚಳವಳಿಯಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವುದು ಇವರ ಮೇಲೆ. ಪೊಪೊವಾ ಮತ್ತು ಸ್ಟೆಪನೋವಾ 1923ರ ಕೊನೆಯ ಹೊತ್ತಿಗೆ ಮಾಸ್ಕೋದ ಮೊದಲ ಸರ್ಕಾರಿ ಹತ್ತಿಬಟ್ಟೆ ಮುದ್ರಣ ಕಾರ್ಖಾನೆಗೆ ಕೆಲಸಕ್ಕೆ ಸೇರಿದರು. ಆಗ ಬಟ್ಟೆಯ ಮೇಲೆ ಬರುತ್ತಿದ್ದದ್ದು ಹೂವು, ಬಳ್ಳಿ. ಇವರು ಸ್ಕೇಲು, ಕೈವಾರ ಹಿಡಿದು ಕೂತರು. ವೃತ್ತ, ಪಟ್ಟೆ, ತ್ರಿಕೋನ. ಬಣ್ಣ ಒಂದೋ ಎರಡೋ. ಕಡಿಮೆ ಬಣ್ಣ ಅಂದರೆ ಕಡಿಮೆ ಖರ್ಚು. ಆದರೂ ಎರಡು ಬಣ್ಣದ ಪಟ್ಟೆ ಒಂದರ ಮೇಲೊಂದು ಹಾಯ್ದಾಗ ಬಟ್ಟೆ ಅಲುಗಾಡಿದಂತೆ ಕಾಣುತ್ತದೆ. ಇಷ್ಟಕ್ಕೇ ನಿಲ್ಲದೆ ಅವರು ಆಡಳಿತದವರಿಗೆ ಒಂದು ಬೇಡಿಕೆ ಪಟ್ಟಿ ಕೊಟ್ಟರು. ಏನು ಅಚ್ಚು ಮಾಡಬೇಕು ಎಂಬ ತೀರ್ಮಾನದಲ್ಲಿ ನಮ್ಮ ಮಾತೂ ಇರಬೇಕು, ಬಣ್ಣದ ಪ್ರಯೋಗಾಲಯಕ್ಕೆ ನಮ್ಮನ್ನು ಬಿಡಬೇಕು, ಬಟ್ಟೆ ಹೊಲಿಯುವವರ ಜೊತೆ ನಮಗೆ ಸಂಪರ್ಕ ಇರಬೇಕು ಎಂಬಂಥವು. ಚೆಂದದ ಡಿಸೈನ್ ಮಾಡಿಕೊಟ್ಟು ಮನೆಗೆ ಹೋಗುವವರು ಅವರಾಗಿರಲಿಲ್ಲ. ವಿನ್ಯಾಸಕಾರನ ಜಾಗ ಎಲ್ಲಿ ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಅದಕ್ಕೂ ಮೊದಲು ಯಾರಾದರೂ ಕೇಳಿದ್ದು ನನಗೆ ಕಂಡಿಲ್ಲ. ನೀವು ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ಈ ಪ್ರಶ್ನೆ ನಿಮ್ಮ ಮುಂದೆ ಬರುತ್ತದೆ.

ಸ್ಟೆಪನೋವಾ ನೂರಕ್ಕೂ ಜಾಸ್ತಿ ವಿನ್ಯಾಸ ಮಾಡಿದಳು. ಬಟ್ಟೆಯಾಗಿ ಹೊರಬಂದದ್ದು ಸುಮಾರು ಎರಡು ಡಜನ್. ಪೊಪೊವಾಗೆ ಕಾಲವೇ ಸಿಗಲಿಲ್ಲ. 1924ರ ಮೇ ತಿಂಗಳಲ್ಲಿ ಅವಳ ಪುಟ್ಟ ಮಗ ಸ್ಕಾರ್ಲೆಟ್ ಜ್ವರದಿಂದ ಸತ್ತ, ಕೆಲವೇ ದಿನಗಳಲ್ಲಿ ಅದೇ ಜ್ವರಕ್ಕೆ ಅವಳೂ ಹೋದಳು. ವಯಸ್ಸು 35. ಹಳ್ಳಿಯ ಹೆಂಗಸೊಬ್ಬಳು ತನ್ನ ಬಟ್ಟೆಯನ್ನು ಅಂಗಡಿಯಲ್ಲಿ ಕೊಳ್ಳುವುದನ್ನು ಕಂಡಾಗ ಆದಷ್ಟು ತೃಪ್ತಿ ಯಾವ ಚಿತ್ರದಿಂದಲೂ ಆಗಿರಲಿಲ್ಲ ಎಂದು ಅವಳು ಹೇಳಿದ್ದಳಂತೆ.

ರೊಡ್ಚೆಂಕೊ ಮಾಡಿದ ಒಂದು ಮೇಜಿನ ಬಗ್ಗೆ ಹೇಳಲೇಬೇಕು. 1925ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನು ಕಾರ್ಮಿಕರ ಕ್ಲಬ್ಬಿನ ಒಂದು ಕೋಣೆಯನ್ನು ಪೂರ್ತಿ ಸಜ್ಜು ಮಾಡಿದ. ಬಿಳಿ, ಕೆಂಪು, ಬೂದು, ಕಪ್ಪು, ನಾಲ್ಕೇ ಬಣ್ಣ. ಅಲ್ಲಿ ಇಬ್ಬರು ಕೂತು ಚದುರಂಗ ಆಡುವ ಒಂದು ಮೇಜಿತ್ತು. ಎರಡು ಕುರ್ಚಿ, ನಡುವೆ ಮಣೆ, ಎಲ್ಲ ಒಂದೇ ಕಟ್ಟು. ಜಾಗ ಇಕ್ಕಟ್ಟು, ಕೂರುವುದು ಹೇಗೆ? ಮಣೆಯನ್ನು ತಿರುಗಿಸಿ ನೆಟ್ಟಗೆ ನಿಲ್ಲಿಸಿದರೆ ಕಾಲಿಗೆ ದಾರಿಯಾಗುತ್ತದೆ. ಕೂತ ಮೇಲೆ ಮಣೆಯನ್ನು ಮತ್ತೆ ಮಲಗಿಸಿ ಆಟ ಶುರು. ದಿನವಿಡೀ ದುಡಿದು ಬಂದವನು ಮೇಜಿಗೆ ಮೊಣಕಾಲು ಬಡಿಸಿಕೊಳ್ಳಬಾರದು. ಅಷ್ಟು ಸಣ್ಣ ವಿಷಯಕ್ಕೆ ಅಷ್ಟು ಯೋಚನೆ. ಈಗಿನ ಮಡಚುವ ಮೇಜು, ಗೋಡೆಗೆ ಮಡಚಿಕೊಳ್ಳುವ ಮಂಚಗಳನ್ನು ನೋಡುವಾಗಲೆಲ್ಲ ನನಗೆ ಆ ಮೊಣಕಾಲು ನೆನಪಾಗುತ್ತದೆ.

ಪುಸ್ತಕದಲ್ಲೂ ಇದೇ ಬುದ್ಧಿ. ಎಲ್ ಲಿಸಿಟ್‌ಸ್ಕಿ 1923ರಲ್ಲಿ ಬರ್ಲಿನ್‌ನಲ್ಲಿ ರಷ್ಯಾದ ಕವಿ ಮಾಯಕೊವ್‌ಸ್ಕಿಯ 13 ಕವಿತೆಗಳ ಒಂದು ಪುಸ್ತಕ ಮಾಡಿದ. ಅವು ಗಟ್ಟಿಯಾಗಿ ಓದುವ ಕವಿತೆಗಳು. ವೇದಿಕೆಯ ಮೇಲೆ ನಿಂತವನಿಗೆ ಬೇಕಾದ ಪದ್ಯ ತಕ್ಷಣ ಸಿಗಬೇಕು. ಹಾಗಾಗಿ ಪುಟಗಳ ಅಂಚನ್ನು ಮೆಟ್ಟಿಲಿನ ಹಾಗೆ ಕತ್ತರಿಸಿ ಒಂದೊಂದು ಕವಿತೆಗೆ ಒಂದೊಂದು ಗುರುತು ಇಟ್ಟ. ಹಳೆಯ ಫೋನ್ ನಂಬರ್ ಡೈರಿಯಲ್ಲಿ ಅ, ಆ, ಇ ಎಂದು ಇರುತ್ತಿತ್ತಲ್ಲ, ಹಾಗೇ. ಹೆಬ್ಬೆರಳು ಇಟ್ಟರೆ ಸಾಕು, ಪದ್ಯ ತೆರೆದುಕೊಳ್ಳುತ್ತದೆ. ಒಳಗಿನ ಚಿತ್ರಗಳೆಲ್ಲ ಅಚ್ಚುಕೂಟದ ಮೊಳೆ, ಗೆರೆಗಳಿಂದಲೇ ಮಾಡಿದವು. ಲಿಸಿಟ್‌ಸ್ಕಿ, ಮೊಹೋಲಿ ನಾಜ್ ಇವರ ಕೆಲಸ ನೋಡಿ ತಲೆ ಕೆಡಿಸಿಕೊಂಡ ಯುವಕ ಯಾನ್ ಚಿಕೋಲ್ಡ್ 1928ರಲ್ಲಿ ಹೊಸ ಅಕ್ಷರ ವಿನ್ಯಾಸದ ನಿಯಮಗಳನ್ನೇ ಬರೆದಿಟ್ಟ. ಪುಟದ ನಡುವಿಗೇ ಎಲ್ಲ ಬರಬೇಕೆಂದಿಲ್ಲ, ಖಾಲಿ ಜಾಗವೂ ಕೆಲಸ ಮಾಡಬೇಕು, ಓದುವವನ ಕಣ್ಣು ಎಲ್ಲಿಂದ ಎಲ್ಲಿಗೆ ಹೋಗಬೇಕೋ ಅಕ್ಷರ ಹಾಗೆ ನಿಲ್ಲಬೇಕು. ನಿಮ್ಮ ಫೋನಿನ ಪರದೆಯಲ್ಲಿ ಎಡಕ್ಕೆ ಸರಿದು ನಿಂತ ದಪ್ಪ ಶೀರ್ಷಿಕೆ ಆ ದಾರಿಯಲ್ಲೇ ನಡೆದು ಬಂದದ್ದು.

ಮನೆಯ ವಿಷಯಕ್ಕೆ ಬಂದರೆ ಮಾಸ್ಕೋದ ನಾರ್ಕೊಂಫಿನ್ ಕಟ್ಟಡ. ಮೊಯಿಸೆಯ್ ಗಿನ್ಸ್‌ಬರ್ಗ್ ಮತ್ತು ಇಗ್ನಾತಿ ಮಿಲಿನಿಸ್ 1928ರಿಂದ 1930ರ ನಡುವೆ ಹಣಕಾಸು ಇಲಾಖೆಯ ನೌಕರರಿಗೆ ಕಟ್ಟಿದ್ದು. ಸಣ್ಣ ಮನೆಯಲ್ಲಿ ಮಲಗುವ ಜಾಗಕ್ಕೆ ಎತ್ತರ ಜಾಸ್ತಿ ಬೇಡ, ಕೂರುವ ಕೋಣೆಗೆ ಬೇಕು. ಎಲ್ಲ ಕೋಣೆಗೂ ಒಂದೇ ಎತ್ತರ ಕೊಟ್ಟರೆ ಗಾಳಿ, ಬೆಳಕು, ಇಟ್ಟಿಗೆ ಎಲ್ಲ ದಂಡ. ಹಾಗಾಗಿ ಮನೆಗಳನ್ನು ಒಂದರೊಳಗೊಂದು ಸಿಕ್ಕಿಸಿದರು, ಎರಡು ಅಂಗೈಯ ಬೆರಳು ಸಿಕ್ಕಿಸಿದ ಹಾಗೆ. ಪ್ರತಿ ಮಹಡಿಗೂ ಓಡಾಡುವ ದಾರಿ ಬೇಕಾಗಲಿಲ್ಲ. ಊಟದ ಮನೆ, ಓದುವ ಕೋಣೆ ಪಕ್ಕದ ಕಟ್ಟಡದಲ್ಲಿ, ಎಲ್ಲರಿಗೂ ಸೇರಿ. ಆದರೆ ಕೆಲವು ಮನೆಗಳಲ್ಲಿ ಅಡುಗೆಮನೆಯನ್ನೂ ಇಟ್ಟರು. ಜನರನ್ನು ಒಂದೇ ಪಂಕ್ತಿಯಲ್ಲಿ ಉಣ್ಣಲು ಬಲವಂತ ಮಾಡಲಾಗದು, ನಿಧಾನಕ್ಕೆ ಅಭ್ಯಾಸವಾಗಲಿ ಎಂಬುದು ಗಿನ್ಸ್‌ಬರ್ಗ್ ನಿಲುವು. ಆ ತಾಳ್ಮೆ ನನಗೆ ಇಷ್ಟ.

ಪ್ಯಾರಿಸ್ಸಿನ ವಾಸ್ತುಶಿಲ್ಪಿ ಲ ಕೊರ್ಬೂಸಿಯೇ 1928ರಲ್ಲಿ ಮಾಸ್ಕೋಗೆ ಹೋಗಿದ್ದ. ಗಿನ್ಸ್‌ಬರ್ಗ್ ಜೊತೆ ಪತ್ರ ವ್ಯವಹಾರವೂ ಇತ್ತು. 1952ರಲ್ಲಿ ಮಾರ್ಸೇಯಲ್ಲಿ ಮುಗಿದ ಅವನ ದೊಡ್ಡ ವಸತಿ ಕಟ್ಟಡದಲ್ಲಿ ಮೂರು ಮಹಡಿಗೊಂದು ದಾರಿ, ಸಿಕ್ಕಿಸಿದ ಮನೆಗಳು. ಅದೇ ಹೊತ್ತಿನಲ್ಲಿ ಅವನ ಪ್ಯಾರಿಸ್ ಕಚೇರಿಯಲ್ಲಿ ಬಿ. ವಿ. ದೋಶಿ ಕೆಲಸ ಕಲಿಯುತ್ತಿದ್ದರು. ಮುಂದೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಕಟ್ಟಿದವರು ಅವರೇ. ಹಾಗೆಂದು ಐಐಎಂನ ಕಲ್ಲಿನ ಪಡಸಾಲೆಗಳನ್ನು ಮಾಸ್ಕೋಗೆ ಗಂಟು ಹಾಕಬೇಡಿ. ಅವು ಫತೇಪುರ್ ಸಿಕ್ರಿಯ ಕಡೆ ನೋಡುತ್ತವೆ. ಎಳೆ ಇದೆ, ಜಾಸ್ತಿ ಎಳೆದರೆ ಹರಿದುಹೋಗುತ್ತದೆ.

ಈಗ ಕಷ್ಟದ ಮಾತು. 1932ರಲ್ಲಿ ಸ್ವತಂತ್ರ ಕಲಾ ಗುಂಪುಗಳನ್ನೆಲ್ಲ ಸರ್ಕಾರ ಮುಚ್ಚಿಸಿತು. ಕಂಬ, ಕಮಾನು, ಶಿಲ್ಪದ ಅಲಂಕಾರ ವಾಪಸ್ ಬಂತು. ಫೋಟೋಗಳನ್ನು ಕತ್ತರಿಸಿ ಕೂಡಿಸಿ ಪೋಸ್ಟರ್ ಮಾಡುವುದರಲ್ಲಿ ಗುರುವಾಗಿದ್ದ ಗುಸ್ತಾವ್ ಕ್ಲುಟ್ಸಿಸ್‌ನನ್ನು 1938ರಲ್ಲಿ ಹಿಡಿದು ಗುಂಡಿಟ್ಟು ಕೊಂದರು. ಸ್ಟಾಲಿನ್‌ನ ಎಷ್ಟೋ ಪೋಸ್ಟರುಗಳನ್ನು ಮಾಡಿದವನೇ ಅವನು. ರೊಡ್ಚೆಂಕೊ ಬದುಕಿ ಉಳಿದ. ಆದರೆ 1933ರಲ್ಲಿ ಕೈದಿಗಳ ಕೈಯಲ್ಲಿ ತೋಡಿಸಿದ ಬಿಳಿ ಸಮುದ್ರದ ಕಾಲುವೆಯ ಫೋಟೋ ತೆಗೆದು, ಅದನ್ನು ಹೊಗಳುವ ಪತ್ರಿಕೆಯ ಸಂಚಿಕೆ ಮಾಡಿಕೊಟ್ಟ. ಅಲ್ಲಿ ಸಾವಿರಾರು ಜನ ಸತ್ತಿದ್ದರು. 1934ರಲ್ಲಿ ಉಜ್ಬೇಕಿಸ್ತಾನದ ಬಗ್ಗೆ ಒಂದು ದೊಡ್ಡ ಪುಸ್ತಕದ ವಿನ್ಯಾಸ ಮಾಡಿದ. ಮೂರ್ನಾಲ್ಕು ವರ್ಷದಲ್ಲಿ ಅದರೊಳಗಿದ್ದ ಅಧಿಕಾರಿಗಳನ್ನು ಒಬ್ಬೊಬ್ಬರಾಗಿ ಬಂಧಿಸಿದರು. ಅವರ ಚಿತ್ರ ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪಾಯ. ರೊಡ್ಚೆಂಕೊ ತನ್ನ ಸ್ವಂತ ಪ್ರತಿಯನ್ನು ತೆಗೆದು ಆ ಮುಖಗಳ ಮೇಲೆ ಕಪ್ಪು ಶಾಯಿ ಬಳಿದ. ಕೋಟು ಇದೆ, ಕಾಲರ್ ಇದೆ. ಮುಖದ ಜಾಗದಲ್ಲಿ ಕಪ್ಪು. ಆ ಪುಟಗಳ ಚಿತ್ರ ನೋಡಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ. ಈ ಚಳವಳಿಯನ್ನು ಪ್ರೀತಿಸುವವರು ಆ ಪುಟಗಳನ್ನೂ ನೋಡಬೇಕು.

ಅಲ್ಲಿ ನಿಂತದ್ದು ಬೇರೆ ಕಡೆ ಬೆಳೆಯಿತು. ಬಾಗ್ದಾದಿನಲ್ಲಿ ಹುಟ್ಟಿ 1970ರ ದಶಕದಲ್ಲಿ ಲಂಡನ್ನಿಗೆ ವಾಸ್ತುಶಿಲ್ಪ ಓದಲು ಬಂದ ಜಹಾ ಹದೀದ್ ತನ್ನ ಕೊನೆಯ ವರ್ಷದ ಯೋಜನೆಯಲ್ಲಿ ಆ ಕಾಲದ ರಷ್ಯಾದ ಚಿತ್ರಕಾರ ಮಲೇವಿಚ್‌ನ ಆಕಾರಗಳನ್ನು ಥೇಮ್ಸ್ ನದಿಯ ಸೇತುವೆಯ ಮೇಲೆ ಹೋಟೆಲ್ ಆಗಿ ಕೂರಿಸಿದಳು. ಮಲೇವಿಚ್ ಕನ್‌ಸ್ಟ್ರಕ್ಟಿವಿಸ್ಟ್ ಅಲ್ಲ, ಪಕ್ಕದ ಮನೆಯವನು, ಆಗಾಗ ಜಗಳ ಆಡಿದವನು. 1988ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಏಳು ಜನ ವಾಸ್ತುಶಿಲ್ಪಿಗಳ ಪ್ರದರ್ಶನ ಮಾಡಿತು. ಹದೀದ್, ಗೆಹ್ರಿ, ಕೂಲ್‌ಹಾಸ್ ಎಲ್ಲ ಅದರಲ್ಲಿದ್ದರು. ಡಿಕನ್‌ಸ್ಟ್ರಕ್ಟಿವಿಸ್ಟ್ ಎಂಬ ಹೆಸರು ಆಗ ಎಲ್ಲ ಕಡೆ ಹಬ್ಬಿತು. ಓರೆ ಗೋಡೆ, ಚೂಪು ಮೂಲೆ, ಒಡೆದ ಹಾಗೆ ಕಾಣುವ ಮೈ.

ಜರ್ಮನಿಯ ವಿಟ್ರಾ ಕಾರ್ಖಾನೆಯ ಆವರಣದಲ್ಲಿ ಹದೀದ್ 1993ರಲ್ಲಿ ಮುಗಿಸಿದ ಅಗ್ನಿಶಾಮಕ ಠಾಣೆ ನನಗೆ ಬಹಳ ಇಷ್ಟ. ಕಾಂಕ್ರೀಟು ಓಡಲು ಹೊರಟ ಹಾಗಿದೆ. ಆದರೂ ಆ ತಲೆಮಾರಿನ ಎಷ್ಟೋ ಕಟ್ಟಡಗಳ ಮುಂದೆ ನಿಂತು ನಮ್ಮ ಪ್ರಶ್ನೆ ಕೇಳಿ ನೋಡಿ. ಈ ಓರೆ ಗೋಡೆ ತೆಗೆದರೆ ಬೀಳುತ್ತದಾ? ಹಲವು ಕಡೆ ಒಳಗೆ ಸಾಮಾನ್ಯ ಉಕ್ಕಿನ ಚೌಕಟ್ಟು ನೆಟ್ಟಗೆ ನಿಂತಿರುತ್ತದೆ, ಓರೆಯನ್ನು ಅದಕ್ಕೆ ತಗುಲಿಸಿರುತ್ತಾರೆ. ಅದು ಜೋಡಣೆ. ಇನ್‌ಖುಕ್‌ನ ಕೋಣೆಯಲ್ಲಿ ಸ್ಟೆಪನೋವಾ ಅದನ್ನು ಒಪ್ಪುತ್ತಿರಲಿಲ್ಲ ಎಂದೇ ನನ್ನ ಲೆಕ್ಕ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಕೇಳಿದಳು: ಇವತ್ತು ಹೋಗಿ ನೋಡಬಹುದಾದ ಒಂದೇ ಒಂದು ಕಟ್ಟಡ ಹೇಳಿ ಅಂದರೆ ಯಾವುದು? ನಾರ್ಕೊಂಫಿನ್ ಹೇಳಬಹುದಿತ್ತು. ದಶಕಗಳ ಕಾಲ ಪಾಳು ಬಿದ್ದಿದ್ದ ಅದನ್ನು ಗಿನ್ಸ್‌ಬರ್ಗ್ ಮೊಮ್ಮಗನೇ 2020ರಲ್ಲಿ ದುರಸ್ತಿ ಮಾಡಿ ಮುಗಿಸಿದ್ದಾನೆ. ಆದರೆ ನಾನು ಹೇಳಿದ್ದು ಟಾಟ್ಲಿನ್ ಬೆಳೆದ ಊರಿನ ಕಟ್ಟಡ, ಹಾರ್ಕಿವ್‌ನ ದೆರ್ಜ್‌ಪ್ರೋಮ್. 1925ರಿಂದ 1928ರವರೆಗೆ ಕಟ್ಟಿದ ಸರ್ಕಾರಿ ಕಚೇರಿಗಳ ಕಟ್ಟಡ. ಕಾಂಕ್ರೀಟಿನ ಹಲವು ಗೋಪುರಗಳು, ಅವುಗಳ ನಡುವೆ ಆಕಾಶದಲ್ಲಿ ಸೇತುವೆಗಳು. ಒಂದು ಗೋಪುರದಿಂದ ಇನ್ನೊಂದಕ್ಕೆ ಕೆಳಗೆ ಇಳಿಯದೇ ಹೋಗಬಹುದು. 2024ರ ಅಕ್ಟೋಬರ್ 28ರ ರಾತ್ರಿ ರಷ್ಯಾದ ಬಾಂಬ್ ಅದರ ಮೇಲೆ ಬಿತ್ತು. ಒಂದು ಭಾಗಕ್ಕೆ ದೊಡ್ಡ ಪೆಟ್ಟಾಯಿತು. ಅಲ್ಲಿಗೆ ಈಗ ಹೋಗಲಾಗದು, ಫೋಟೋ ನೋಡು ಎಂದೆ. ಅವಳು ಫೋನ್ ತೆಗೆದು ಹುಡುಕಿದಳು, ಪಕ್ಕದವರೂ ಬಗ್ಗಿ ನೋಡಿದರು. ಕಿಟಕಿಗಳು ಹೋಗಿವೆ. ಆಚೆ ಈಚೆಯ ಗೋಪುರಗಳೂ ಸೇತುವೆಗಳೂ ನಿಂತಿವೆ.